ಮೈದಾನದ ಪಕ್ಕದ ಹೊಲಕ್ಕೆ ಸೌರ ಬೇಲಿ: ಒಂದು ವರ್ಷದ ಬಳಕೆಯ ನಂತರ

ಪಂದ್ಯ ಮುಗಿದೊಡನೆ ನಮ್ಮ ಹೊಲವನ್ನೇ ಅಡ್ಡದಾರಿ ಮಾಡಿಕೊಳ್ಳುತ್ತಿದ್ದ ಜನರನ್ನು ತಡೆಯಲೆಂದು ಐದು ತಂತಿಯ ಸೌರ ಬೇಲಿ ಹಾಕಿಸಿ ವರ್ಷವಾಯಿತು. ಅವರು ತುಳಿದು ಸವೆಸಿದ್ದ ಬದುವಿನಲ್ಲಿ ಈಗ ಹುಲ್ಲು ಚಿಗುರಿದೆ. ಇದರ ಯಂತ್ರವು ಸತತವಾಗಿ ವಿದ್ಯುತ್ ಹರಿಸದೆ, ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಮಿಡಿತವನ್ನಷ್ಟೇ ಕಳಿಸುವುದರಿಂದ ಮುಟ್ಟಿದವರು ಬೆಚ್ಚಿ ಕೈ ತೆಗೆಯುತ್ತಾರೆ. (ಮನೆಯ ಲೈನನ್ನೇ ನೇರವಾಗಿ ತಂತಿಗೆ ಕೊಡುವುದು ಕೊಲೆಗೆ ಸಮ.) ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಶಾಕ್ ಸಪ್ಪೆಯಾಗುತ್ತದೆ, ಆಗ ಅರ್ಥಿಂಗ್ ಸರಳುಗಳ ಬುಡಕ್ಕೆ ನೀರು ಹಾಕಬೇಕಾಗುತ್ತದೆ, ಮಳೆಗಾಲದಲ್ಲಿ ಕೆಳತಂತಿಗೆ ಕಳೆ ತಾಗಿ ವಿದ್ಯುತ್ ಸೋರುತ್ತದೆ. ಅಳವಡಿಸಿದವರು ಕೊಟ್ಟ ಎಚ್ಚರಿಕೆ ಫಲಕಗಳು ಎರಡೇ ಎರಡು, ಮಕ್ಕಳು ಚೆಂಡು ಹುಡುಕಿಕೊಂಡು ಬರುವ ಇಂತಹ ಜಾಗಕ್ಕೆ ಅವು ಏನೇನೂ ಸಾಲವು; ಉಳಿದವನ್ನು ನಾನೇ ಬರೆಸಿ ನೇತುಹಾಕಿದೆ. ಗೇಟಿನ ಪ್ಲಾಸ್ಟಿಕ್ ಹಿಡಿಕೆಯಂತೂ ಆರೇ ತಿಂಗಳಲ್ಲಿ ಸೀಳಿತು.