ಬಿಸಿನೀರಿಗೆ ಸೋಲಾರೋ, ಹೀಟ್ ಪಂಪೋ?

ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಗೀಸರ್‌ಗೆ ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಎಷ್ಟೇ ಒಳ್ಳೆಯ ಗೀಸರ್ ತಂದರೂ ಈ ಲೆಕ್ಕ ಇಳಿಯದು. ಹೀಟ್ ಪಂಪ್ ಅದೇ ಕೆಲಸವನ್ನು ಒಂದೂವರೆ ಯೂನಿಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ತಳ್ಳುವಂತೆಯೇ, ಇದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಸೇರಿಸುತ್ತದೆ. ಸೋಲಾರ್‌ಗಾದರೆ ಒಳ್ಳೆಯ ಬಿಸಿಲಿನ ದಿನ ವಿದ್ಯುತ್ತೇ ಬೇಡ.

ನೆರಳು ಬೀಳದ ಚಾವಣಿ, ವರ್ಷದ ಬಹುಪಾಲು ಬಿಸಿಲು, ಇವೆರಡೂ ಇದ್ದರೆ ನನ್ನ ಆಯ್ಕೆ ಸೋಲಾರೇ. ಆದರೆ ಮೊದಲು ನೀರು ಪರೀಕ್ಷಿಸಿ. ಕೊಳವೆಬಾವಿಯ ಗಡಸು ನೀರು ಒಳಗೆಲ್ಲ ಸುಣ್ಣ ಕಟ್ಟಿಸುತ್ತದೆ, ವರ್ಷ ಕಳೆದಂತೆ ನೀರು ಕಾಯುವುದೇ ನಿಧಾನವಾಗುತ್ತದೆ. ಅಂಥ ಕಡೆ ಹೀಟ್ ಎಕ್ಸ್‌ಚೇಂಜರ್ (ಬಳಸುವ ನೀರನ್ನು ಸೋಲಾರ್ ಕೊಳವೆಗಳಿಗೆ ಬಿಡದೆ, ಅಲ್ಲಿ ಕಾದ ಬೇರೆ ದ್ರವದಿಂದ ಅದಕ್ಕೆ ಶಾಖ ದಾಟಿಸುವ ಭಾಗ) ಇರುವ ಮಾದರಿಯನ್ನೇ ಕೇಳಿ. ಮೋಡದ ದಿನಗಳಿಗೆ ವಿದ್ಯುತ್ತಿನಿಂದ ಕಾಯಿಸುವ ಬ್ಯಾಕಪ್ ಕಾಯಿಲ್ ಬೇಕೇ ಬೇಕು.

ಹೀಟ್ ಪಂಪ್‌ಗೆ ಬಿಸಿಲಿನ ಹಂಗಿಲ್ಲ, ಮಳೆಗಾಲದಲ್ಲೂ ದುಡಿಯುತ್ತದೆ. ಆದರೆ ಟ್ಯಾಂಕ್ ಕಾಯಲು ಕೆಲವು ಗಂಟೆ ಬೇಕು. ಹಾಗಾಗಿ ಮನೆಮಂದಿಗೆ ತಕ್ಕ ದೊಡ್ಡ ಟ್ಯಾಂಕ್ ಇರಲಿ. ಫ್ಯಾನಿನ ಸದ್ದೂ ಇರುತ್ತದೆ, ಮಲಗುವ ಕೋಣೆಯ ಕಿಟಕಿಯಿಂದ ದೂರ ಕೂರಿಸಿ. ತೀವ್ರ ಚಳಿಯಲ್ಲಿ ಉಳಿತಾಯ ತುಸು ತಗ್ಗುತ್ತದೆ.

ನಗರದಿಂದ ದೂರ ಇರುವವರು ಇನ್ನೊಂದನ್ನು ವಿಚಾರಿಸಲೇಬೇಕು: ಕೆಟ್ಟರೆ ರಿಪೇರಿಗೆ ಯಾರು, ಎಷ್ಟು ದಿನದಲ್ಲಿ ಬರುತ್ತಾರೆ? ಸೋಲಾರ್‌ನ ಸೋರಿಕೆಯನ್ನು ಪ್ಲಂಬರ್ ಸರಿಪಡಿಸಬಲ್ಲ. ಹೀಟ್ ಪಂಪ್‌ನ ಗ್ಯಾಸ್ ಸೋರಿದರೆ ಫ್ರಿಜ್, ಎಸಿ ಕೆಲಸ ಬಲ್ಲವರೇ ಬರಬೇಕು. ಅಂಥವರು ಹತ್ತಿರದಲ್ಲಿಲ್ಲದಿದ್ದರೆ ನಾನಂತೂ ಹೀಟ್ ಪಂಪ್ ಸೂಚಿಸುವುದಿಲ್ಲ.