ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿನಾ, ಇಲ್ಲ ಹೊಸ ಡೆಸ್ಕ್‌ಟಾಪೇನಾ? ಎರಡೂ ಪಕ್ಕಪಕ್ಕ ಇಟ್ಕೊಂಡು ನೋಡಿದ್ದು

ಒಂದು ವಾರ ಇರ್ಲಿ ಅಂತ ಹಳೇದನ್ನ ಇಟ್ಕೊಂಡಿದ್ದೆ, ಎರಡು ತಿಂಗಳಾಯ್ತು, ಮೇಜಿನ ಕೆಳಗೆ ಎರಡು ಡಬ್ಬ, ಕಾಲು ಚಾಚೋಕೂ ಜಾಗ ಇಲ್ಲ. ಹಳೇದು ಇಂಟೆಲ್ ಐ3-4130, ಎರಡು ಕೋರು, 4 ಜಿಬಿ ಡಿಡಿಆರ್3 ರ‍್ಯಾಮು, 500 ಜಿಬಿ ಹಾರ್ಡ್ ಡಿಸ್ಕು. ಹೊಸದು ಐ3-12100, ನಾಲ್ಕು ಕೋರು, 16 ಜಿಬಿ ರ‍್ಯಾಮು, ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಬರೀ ಚಿಪ್ಪಿನ ಡಿಸ್ಕು, ಅದ್ರಲ್ಲೂ ವೇಗದ ಜಾತಿ). ಎರಡೂ ಐ3ನೇ, ಆದ್ರೆ ಮೊದಲನೇದು 2013ರದ್ದು, ಎರಡನೇದು 2022ರದ್ದು, ಹೆಸರು ನೋಡಿ ಒಂದೇ ಅನ್ಕೋಬೇಡಿ.

ಹೊಸದು ತಗೊಳ್ಳೋ ಮುಂಚೆ ಹಳೇದಕ್ಕೇ ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಹಾಕೋ ಥರದ್ದು), ಇನ್ನೊಂದು 4 ಜಿಬಿ ರ‍್ಯಾಮು ಹಾಕಿದ್ದೆ. ರ‍್ಯಾಮ್ ಹಾಕಿ ನೋಡ್ತೀನಿ, ವಿಂಡೋಸ್‌ನಲ್ಲಿ ಬಳಸೋಕೆ ಸಿಗ್ತಿರೋದು ಮುಂಚಿನ ಹಾಗೇ ಮೂರು ಚಿಲ್ಲರೆ ಜಿಬಿ ಅಷ್ಟೇ! ಸ್ಟಿಕ್ಕು ಕೆಟ್ಟಿದೆ ಅಂತ ಬಿಚ್ಚಿ, ಅದರ ಹಳದಿ ಕಾಲುಗಳನ್ನ ರಬ್ಬರಲ್ಲಿ ಉಜ್ಜಿ, ಸ್ಲಾಟ್ ಬದಲಾಯಿಸಿ, ಅರ್ಧ ದಿನ ಹಾಳು ಮಾಡ್ಕೊಂಡ ಮೇಲೆ ಹೊಳೀತು, ನಾನು ಇಷ್ಟು ವರ್ಷ ಓಡಿಸ್ತಿದ್ದಿದ್ದು 32 ಬಿಟ್ ವಿಂಡೋಸು, ಅದು 4 ಜಿಬಿ ದಾಟಲ್ಲ. ಎಸ್‌ಎಸ್‌ಡಿ ಮೇಲೆ 64 ಬಿಟ್ ವಿಂಡೋಸ್ 10 ಹಾಕಿದ ಮೇಲೆ 8 ಜಿಬಿ ಕಾಣಿಸ್ತು.

ಸ್ಪೀಡಿನ ವಿಷಯಕ್ಕೆ ಬಂದ್ರೆ, ಹಾರ್ಡ್ ಡಿಸ್ಕ್ ಇದ್ದಾಗ ಬಟನ್ ಒತ್ತಿ ಮುಖ ತೊಳ್ಕೊಂಡು ಬಂದ್ರೂ ಆ ಚುಕ್ಕಿಗಳು ಇನ್ನೂ ಸುತ್ತುತ್ತಾ ಇರೋವು, ಸುಮಾರು ಮೂರು ನಿಮಿಷ. ಎಸ್‌ಎಸ್‌ಡಿ ಹಾಕಿದ್ಮೇಲೆ 25 ಸೆಕೆಂಡು. ಹೊಸದ್ರಲ್ಲಿ 12. ಮೂರು ನಿಮಿಷ ಇದ್ದಿದ್ದು 25 ಸೆಕೆಂಡಿಗೆ ಇಳಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ, 25 ಇದ್ದಿದ್ದು 12 ಆದಾಗ ಗಡಿಯಾರ ನೋಡಿದ್ದಕ್ಕೆ ಗೊತ್ತಾಗಿದ್ದು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ತಿರ ಓದುತ್ತೆ, ಎನ್‌ವಿಎಂಇ 3,500ರ ಆಚೀಚೆ, ಕಾಗದದ ಮೇಲೆ ಆರು ಪಟ್ಟು, ಲೆಟರ್ ಟೈಪ್ ಮಾಡೋವಾಗ ಸೊನ್ನೆ ಪಟ್ಟು.

ಹೊಸದು ಗೆಲ್ಲೋದು ಬೇರೆ ಕಡೆ. 4ಕೆ ವಿಡಿಯೋ ಹಾಕಿದ್ರೆ ಹಳೇದು ಪೂರ್ತಿ 100 ಪರ್ಸೆಂಟ್‌ಗೆ ಹೋಗಿ ಫ್ಯಾನು ಬೊಬ್ಬೆ ಹೊಡ್ಯುತ್ತೆ, ಯಾಕಂದ್ರೆ ಈಗಿನ ಎವಿ1 ಥರದ ಫಾರ್ಮ್ಯಾಟ್ ಬಿಚ್ಚೋ ಹಾರ್ಡ್‌ವೇರು ಅದರೊಳಗೆ ಇಲ್ಲ, ಎಲ್ಲಾ ಭಾರ ಪ್ರೊಸೆಸರ್ ತಲೆ ಮೇಲೆ. ಹೊಸದು ತಣ್ಣಗೆ ಕೂತಿರುತ್ತೆ, ಆನ್ ಇದೆಯಾ ಅಂತ ಲೈಟ್ ನೋಡ್ಬೇಕು. ಇನ್ನೊಂದು, 2025 ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, ವಿಂಡೋಸ್ 11ಗೆ ಟಿಪಿಎಂ 2.0 (ಭದ್ರತೆಯ ಚಿಪ್ಪು) ಬೇಕು, ಇಂಟೆಲ್ ಆದ್ರೆ ಎಂಟನೇ ಜನರೇಶನ್ನಾದ್ರೂ ಇರ್ಬೇಕು, ನನ್ನದು ನಾಲ್ಕನೇದು. ನಿಜ ಹೇಳ್ಬೇಕಂದ್ರೆ ಹೊಸದು ತಗೊಂಡಿದ್ದು ಇದಕ್ಕೇ, ಸ್ಪೀಡಿಗಲ್ಲ.

ಬದಲಾಯಿಸೋ ಕೆಲಸ ಇದೆಯಲ್ಲ, ಅದೇ ದೊಡ್ಡ ತಲೆನೋವು. ಹಳೇ ಎಸ್‌ಎಸ್‌ಡಿ ಬಿಚ್ಚಿ ಹೊಸ ಬೋರ್ಡಿಗೆ ಚುಚ್ಚಿದ್ರೆ ಆಯ್ತಲ್ಲ ಅಂತ ಮಾಡಿದೆ, ಎಷ್ಟು ಸಲ ಆನ್ ಮಾಡಿದ್ರೂ ವಿಂಡೋಸ್ ಬರದೆ ನೇರ ಬಯಾಸ್ ಸ್ಕ್ರೀನ್, ಅಂದ್ರೆ ಬೋರ್ಡಿನ ಸೆಟ್ಟಿಂಗ್ ಪರದೆ, ಬರೋದು. ಹಳೇದು ಎಂಬಿಆರ್ ಡಿಸ್ಕು (ಹಳೇ ಥರ ಬೂಟ್ ಆಗೋದು), ಹೊಸ ಬೋರ್ಡು ಬರೀ ಯುಇಎಫ್‌ಐ (ಹೊಸ ಥರದ್ದು), ಎರಡಕ್ಕೂ ಆಗಿಬರಲ್ಲ. ಕೊನೆಗೆ ಹೊಸದಾಗೇ ಇನ್‌ಸ್ಟಾಲ್ ಮಾಡಿ ಫೈಲ್ ಮಾತ್ರ ತಂದೆ. ಯುಎಸ್‌ಬಿ 2.0 ಪೋರ್ಟಿಗೆ ಹಾಕಿದ ಪೆನ್‌ಡ್ರೈವಲ್ಲಿ ಹೊತ್ತು ಹೊತ್ತು ಸಾಕಾಯ್ತು, ಸೆಕೆಂಡಿಗೆ 30 ಎಂಬಿ ಬಂದ್ರೆ ಪುಣ್ಯ, ಎರಡನ್ನೂ ಒಂದೇ ರೌಟರಿಗೆ ಲ್ಯಾನ್ ಕೇಬಲ್ ಹಾಕಿ ಫೋಲ್ಡರ್ ಶೇರ್ ಮಾಡಿದ್ಮೇಲೆ 100 ದಾಟ್ತು. ಮರೆತಿದ್ದು ಫಾಂಟು. ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟಲ್ಲಿ ಟೈಪ್ ಮಾಡಿದ್ದ ಫೈಲೆಲ್ಲಾ ಹೊಸದ್ರಲ್ಲಿ ಇಂಗ್ಲಿಷ್ ಅಕ್ಷರದ ಚಿತ್ರಾನ್ನ, ಹಳೇದ್ರ ಫಾಂಟ್ಸ್ ಫೋಲ್ಡರಿಂದ ತಂದು ಹಾಕೋವರೆಗೂ.

ಮಾನಿಟರ್ ಹಳೇದೇ, ಬರೀ ವಿಜಿಎ, ಹೊಸ ಡಬ್ಬದಲ್ಲಿ ಎಚ್‌ಡಿಎಂಐ ಮಾತ್ರ, ಕನ್ವರ್ಟರ್ ಹಾಕಿದ್ದೀನಿ, ಅಕ್ಷರ ಸ್ವಲ್ಪ ಮಸುಕು, ನಡೀತಿದೆ.

ಹಂಗಾದ್ರೆ ಹಳೇದನ್ನ ಯಾಕೆ ಇಟ್ಕೊಂಡಿದ್ದೀನಿ ಅಂದ್ರೆ, ಸ್ಕ್ಯಾನರ್ರು. ಅದರ ಡ್ರೈವರ್ 32 ಬಿಟ್‌ದು ಮಾತ್ರ, 64 ಬಿಟ್ ವಿಂಡೋಸ್‌ಗೆ ಆಗಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿನೇ ಇಲ್ಲ, ಹಳೇದಕ್ಕಾದ್ರೆ ಬೇರೆ ಏನಾದ್ರೂ ಹಾಕಿ ನೋಡ್ಬಹುದು. ಹೋದ ಭಾನುವಾರ ಹಳೇದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಓಎಸ್ ಹಾಕಿ, ಸುಮ್ನೆ ಕೇಬಲ್ ಚುಚ್ಚಿದೆ, ಡ್ರೈವರ್ ಸೀಡಿ ಎಲ್ಲಿದೆ ಅಂತ ಡ್ರಾಯರ್ ಹುಡುಕ್ತಿದ್ದೆ, ತಿರುಗಿ ನೋಡೋಷ್ಟ್ರಲ್ಲಿ ಸ್ಕ್ರೀನ್ ಮೇಲೆ ಸ್ಕ್ಯಾನರ್ ಹೆಸರು ಬಂದಿತ್ತು.