ಅಲ್ಯೂಮಿನಾ ಸ್ಲಿಪ್‌ಗೆ ಏನು ಹಾಕೋದು: ಆ್ಯಸಿಡ್ಡೋ, ಸಿಲಿಕೇಟೋ, ಪಾಲಿಅಕ್ರಿಲೇಟೋ?

ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು ನೀರಲ್ಲಿ ಕಲಸಿ, ಆ ಕಲಸನ್ನು, ಅಂದರೆ ಸ್ಲಿಪ್ಪನ್ನು, ಪ್ಲಾಸ್ಟರ್ ಅಚ್ಚಿಗೆ ಸುರಿದು ಕೊಳವೆ, ಮೂಸೆ ಮಾಡುತ್ತೇವೆ. ಸಣ್ಣ ಪುಡಿಯನ್ನು ಸುಮ್ನೆ ನೀರಿಗೆ ಹಾಕಿದರೆ ಕಣಕ್ಕೆ ಕಣ ಅಂಟಿ ಗಂಟಾಗುತ್ತದೆ. ಗಂಟಿದ್ದ ಕಡೆ ಸುಟ್ಟ ಮೇಲೆ ತೂತು, ಬಿರುಕು. ಹಾಗಾಗಿ ಕಣಗಳನ್ನು ಬಿಡಿಬಿಡಿಯಾಗಿ ಇಡುವ ಡಿಸ್ಪರ್ಸೆಂಟ್ ಬೇಕು. ಒಂದೇ ಚೀಲದ ಪುಡಿಯಲ್ಲಿ ಮೂರನ್ನೂ ಹಾಕಿ ನೋಡಿದೆ.

ಮೊದಲು ನೈಟ್ರಿಕ್ ಆ್ಯಸಿಡ್. ಪಿಎಚ್ 4ರ ಹತ್ತಿರ ತಂದರೆ ಕಣಗಳ ಮೈಗೆ ಧನ ವಿದ್ಯುದಂಶ ಬಂದು ಒಂದನ್ನೊಂದು ದೂಡುತ್ತವೆ. ಸ್ಲಿಪ್ ಚೆನ್ನಾಗಿ ತೆಳುವಾಯಿತು. ಆದರೆ ಪುಡಿ ಆ್ಯಸಿಡ್ ಹೀರುತ್ತಾ ಹೋದಂತೆ ಪಿಎಚ್ ಮೇಲೇರುತ್ತದೆ, ಮತ್ತೆ ಮತ್ತೆ ನೋಡಿ ಸರಿ ಮಾಡಬೇಕು. ಪ್ಲಾಸ್ಟರ್ ಅಚ್ಚನ್ನೂ ಕರಗಿಸುತ್ತದೆ. ಗಾಜಿನ ಬೀಕರಿಗೆ ಸರಿ, ದಿನದ ಕೆಲಸಕ್ಕಲ್ಲ.

ಸೋಡಿಯಂ ಸಿಲಿಕೇಟ್ ಅಗ್ಗ. ಜೇಡಿಮಣ್ಣಿನ ಸ್ಲಿಪ್‌ಗೆ ಇವತ್ತಿಗೂ ನಾನು ಅದನ್ನೇ ಹಾಕುತ್ತೇನೆ. ಅಲ್ಯೂಮಿನಾದಲ್ಲಿ ಮಾತ್ರ ಅದರ ಸೋಡಿಯಂ, ಸಿಲಿಕಾ ಎರಡೂ ಮಾಲಿನಲ್ಲೇ ಉಳಿಯುತ್ತವೆ. ಬಿಸಿಯಲ್ಲಿ ವಿದ್ಯುತ್ ತಡೆಯಬೇಕಾದ ಕೊಳವೆಗೆ ಸೋಡಿಯಂ ಶತ್ರು.

ಗೆದ್ದದ್ದು ಅಮೋನಿಯಂ ಪಾಲಿಅಕ್ರಿಲೇಟ್. ಅಲ್ಯೂಮಿನಾದ ಮೈಯ ವಿದ್ಯುದಂಶ ಪಿಎಚ್ 9ರ ಆಸುಪಾಸಿನಲ್ಲಿ ಸೊನ್ನೆಯಾಗುತ್ತದೆ. ಬರೀ ಪುಡಿ ಅಲ್ಲಿ ಗಂಟಾಗಲೇಬೇಕು, ಅಲ್ವಾ? ಆದರೆ ಈ ಪಾಲಿಮರ್ ಕಣಕ್ಕೆ ಅಂಟಿಕೊಂಡು ಋಣ ವಿದ್ಯುದಂಶ ಕೊಡುತ್ತದೆ. ಅದರ ಸರಪಳಿಗಳೂ ಕಣಗಳ ನಡುವೆ ಅಡ್ಡ ನಿಲ್ಲುತ್ತವೆ. ಸುಡುವಾಗ ಅಮೋನಿಯಾ ಹಾರಿಹೋಗುತ್ತದೆ, ಉಳಿದದ್ದು ಉರಿದುಹೋಗುತ್ತದೆ. ಹಿಂದೆ ಏನೂ ಉಳಿಯುವುದಿಲ್ಲ.

ಅಳತೆ ಜಾಡಿಯಲ್ಲಿ ರಾತ್ರಿಯಿಡೀ ಬಿಟ್ಟು ನೋಡಿ. ಏನೂ ಹಾಕದ ಸ್ಲಿಪ್ ಬೇಗ ತಳ ಕೂರುತ್ತದೆ, ಮೇಲೆ ತಿಳಿನೀರು, ಕೆಳಗೆ ಎತ್ತರದ ಸಡಿಲ ರಾಶಿ. ಪಾಲಿಅಕ್ರಿಲೇಟ್ ಹಾಕಿದ್ದು ಬೆಳಗ್ಗೆಯೂ ಹಾಲಿನಂತೆ ಬೆಳ್ಳಗೇ ಇರುತ್ತದೆ. ತಳದಲ್ಲಿ ಕೂತದ್ದು ತೆಳು ಪದರ, ಆದರೆ ಕಡ್ಡಿಗೆ ಗಟ್ಟಿಯಾಗಿ ತಾಗುತ್ತದೆ. ಆ ಗಟ್ಟಿತನ ಒಳ್ಳೆಯ ಲಕ್ಷಣ. ಕಣಗಳು ಬಿಡಿಬಿಡಿಯಾಗಿ ಇಳಿದು ಒತ್ತಾಗಿ ಕೂತಿವೆ ಅಂತ ಅರ್ಥ.

ಜಾಸ್ತಿ ಹಾಕಿದರೆ ಸ್ಲಿಪ್ ಮತ್ತೆ ದಪ್ಪಗಾಗುತ್ತದೆ. ಪುಡಿ ಸಣ್ಣದಾದಷ್ಟೂ ಮೈ ಹೆಚ್ಚು, ಪ್ರಮಾಣವೂ ಹೆಚ್ಚು ಬೇಕು. ಸ್ವಲ್ಪ ಸ್ವಲ್ಪವೇ ಸೇರಿಸಿ, ಅತಿ ತೆಳುವಾದ ಹಂತದಲ್ಲಿ ನಿಲ್ಲಿಸಿ.

ಇನ್ನು ನೀರು. ನಮ್ಮ ಬೋರ್ ನೀರು ಗಡಸು, ಕಾಯಿಸಿದ ಪಾತ್ರೆಗೆಲ್ಲ ಬಿಳಿ ಪದರ. ಆ ಕ್ಯಾಲ್ಸಿಯಂ ನೇರ ಪಾಲಿಅಕ್ರಿಲೇಟನ್ನೇ ಹಿಡಿಯುತ್ತದೆ. ಬೋರ್ ನೀರಲ್ಲಿ ದಪ್ಪಗೆ ಉಳಿದ ಅದೇ ಅಳತೆ ಆರ್‌ಒ ನೀರಲ್ಲಿ ಸರಾಗ ಹರಿಯಿತು. ನಮ್ಮ ಕಡೆ ಹೊಸದಾಗಿ ಶುರು ಮಾಡುವವರು ಡಿಸ್ಪರ್ಸೆಂಟ್ ಡಬ್ಬಿಗಿಂತ ಮೊದಲು ಆರ್‌ಒ ಯಂತ್ರಕ್ಕೆ ದುಡ್ಡು ಎತ್ತಿಡಿ.